ಹಗೇವು ತೆರೆದ ವರ್ಷ: ಭವಿಷ್ಯನಿಧಿಯ ಇತಿಹಾಸದಲ್ಲೊಂದು ಇಣುಕು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ನೌಕರರ ಭವಿಷ್ಯನಿಧಿಯ ನಿಯಮಗಳನ್ನು ಬರೆದ ದಿಲ್ಲಿಯ ಅಧಿಕಾರಿಗಳಿಗೆ ಈ ಗಾದೆ ಗೊತ್ತಿತ್ತೋ ಇಲ್ಲವೋ, ಅಂತೂ ನಿವೃತ್ತಿಗೆ ಮುಂಚೆಯೇ ಹಣ ತೆಗೆಯಲು ಅವರು ಕಾಲಕಾಲಕ್ಕೆ ಸೇರಿಸುತ್ತ ಬಂದ ಕಲಮುಗಳಲ್ಲಿ ಮನೆಗೊಂದು, ಮದುವೆಗೊಂದು ಸೇರಿಯೇ ಸೇರಿದವು. ಆದರೆ ಗಾದೆಯಲ್ಲಿ ಇಲ್ಲದ ಮೂರನೆಯ ಕಷ್ಟವೊಂದಿದೆ. ಕೆಲಸಗಾರನ ತಪ್ಪಿಲ್ಲದೆ, ಯಜಮಾನನ ತಪ್ಪೂ ಇಲ್ಲದೆ, ಸರ್ಕಾರದ ಆಜ್ಞೆಯಿಂದಲೇ ಕೆಲಸ ನಿಂತುಹೋದರೆ ಮನೆ ನಡೆಯುವುದು ಹೇಗೆ? ಮುಪ್ಪಿಗೆಂದು ಕೂಡಿಟ್ಟ ಹಣಕ್ಕೆ ಆಗ ಕೈಹಾಕಬಹುದೇ? ಹಾಕಿದರೆ ಮುಪ್ಪಿನ ಗತಿಯೇನು?

ಈ ಪ್ರಶ್ನೆ 2020ರಲ್ಲಿ ದೇಶದ ಮನೆಮನೆಗೂ ಬಂತು. ಆದರೆ ಅದು ಹುಟ್ಟಿದ್ದು ಆ ವರ್ಷವಲ್ಲ. ಅದರ ಹಿಂದೆ ಒಂದು ಇತಿಹಾಸವಿದೆ. ಅದರಲ್ಲಿ ನಮ್ಮ ಪುಣೆಗೂ ಬೆಂಗಳೂರಿಗೂ ಪಾಲಿದೆ. ನಾವು ಕೇಂದ್ರ ಸರ್ಕಾರದ ಕಛೇರಿಯೊಂದರಲ್ಲಿ ಗುಮಾಸ್ತರು, ಓದಿದ್ದು ಬಿ.ಎಸ್‌ಸಿ. ಇತಿಹಾಸ ನಮ್ಮ ಶಾಸ್ತ್ರವಲ್ಲ. ಆದರೆ ಒಂದು ನಿಯಮದ ಹಿಂದೆ ಯಾವ ಸಂಕಟವಿತ್ತು ಎಂದು ಕೆದಕಿ ನೋಡುವ ಚಟ ಕಛೇರಿಯ ಕಡತಗಳಿಂದ ಅಂಟಿಕೊಂಡಿದೆ. ಆ ಚಟದಿಂದ ದೊರೆತದ್ದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

1897ರ ಎರಡು ಕಾನೂನುಗಳು

1897ನೆಯ ಇಸವಿ ಪುಣೆಯ ಪಾಲಿಗೆ ಪ್ಲೇಗಿನ ವರ್ಷ. ಹಿಂದಿನ ವರ್ಷ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಘಟ್ಟ ಹತ್ತಿ ಇಲ್ಲಿಗೂ ಬಂತು. ಸರ್ಕಾರ ಅವಸರದಲ್ಲಿ ಆ ವರ್ಷದ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾನೂನನ್ನು ಹೊರಡಿಸಿತು. ಅದು ನಾಲ್ಕೇ ಕಲಮುಗಳ ಚಿಕ್ಕ ಕಾನೂನು. ಆದರೆ ಅಧಿಕಾರಿಗಳ ಕೈಗೆ ಅದು ಕೊಟ್ಟ ಬಲ ಚಿಕ್ಕದಲ್ಲ. ಮನೆ ಶೋಧನೆ, ಬಲವಂತದ ಸ್ಥಳಾಂತರ, ಅದರಿಂದ ಎದ್ದ ಜನರ ಸಿಟ್ಟು, ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ ಸಹೋದರರು ಪ್ಲೇಗ್ ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿಸಿದ್ದು, ಇವೆಲ್ಲ ಪುಣೆಯಲ್ಲಿ ಬೆಳೆದ ನಮ್ಮ ಮಕ್ಕಳೂ ಶಾಲೆಯಲ್ಲಿ ಓದುವ ಸಂಗತಿ.

ಅದೇ 1897ರಲ್ಲಿ ಇನ್ನೊಂದು ಕಾನೂನು ಬಂದದ್ದನ್ನು ಯಾವ ಶಾಲೆಯಲ್ಲೂ ಹೇಳುವುದಿಲ್ಲ. ಅದು ಪ್ರಾವಿಡೆಂಟ್ ಫಂಡ್ ಕಾನೂನು. ಸರ್ಕಾರಿ ಮತ್ತು ರೈಲ್ವೆ ನೌಕರರು ತಮ್ಮ ನಿಧಿಯಲ್ಲಿ ಕಟ್ಟಿದ ಹಣವನ್ನು ಸಾಲ ಕೊಟ್ಟವರು ಕೋರ್ಟಿನ ಮೂಲಕ ಜಪ್ತಿ ಮಾಡಿಸಿಕೊಳ್ಳದಂತೆ ಕಾಪಾಡುವುದು ಅದರ ಮುಖ್ಯ ಉದ್ದೇಶ. ನೌಕರ ಸಾಲದಲ್ಲಿ ಮುಳುಗಿದ್ದರೂ ಆ ಹಣ ಅವನ ಮುಪ್ಪಿಗೆ, ಅವನು ಸತ್ತರೆ ಹೆಂಡತಿ ಮಕ್ಕಳಿಗೆ ಸಲ್ಲಬೇಕೆಂಬುದು ಅದರ ತಿರುಳು. 1925ರಲ್ಲಿ ಅದರ ಜಾಗಕ್ಕೆ ಹೊಸ ಕಾನೂನು ಬಂದರೂ ಈ ತಿರುಳು ಉಳಿಯಿತು.

ಒಂದು ಕಾನೂನು ರೋಗ ಬಂದಾಗ ಊರನ್ನು ಮುಚ್ಚಲು. ಇನ್ನೊಂದು ನೌಕರನ ಗಂಟನ್ನು ಮುಚ್ಚಿಡಲು. ಒಂದೇ ವರ್ಷ ಹುಟ್ಟಿದ ಈ ಎರಡು ವಿಚಾರಗಳು ನೂರ ಇಪ್ಪತ್ತಮೂರು ವರ್ಷಗಳ ನಂತರ ಮುಖಾಮುಖಿಯಾದವು. ಊರು ಮುಚ್ಚಿದ್ದರಿಂದಲೇ ಗಂಟನ್ನು ಬಿಚ್ಚಬೇಕಾಗಿ ಬಂತು.

ಕಾರ್ಖಾನೆಯವರ ಹಗೇವು

ಸರ್ಕಾರಿ ನೌಕರರಿಗೆ ಇದ್ದ ಈ ಭಾಗ್ಯ ಕಾರ್ಖಾನೆಯ ಕೆಲಸಗಾರರಿಗೆ ದೊರೆತದ್ದು ಸ್ವಾತಂತ್ರ್ಯಾನಂತರ. ಜಗಜೀವನರಾಮ್ ಅವರು ಕಾರ್ಮಿಕ ಸಚಿವರಾಗಿದ್ದಾಗ 1951ರ ನವೆಂಬರ್ 15ರಂದು ಸುಗ್ರೀವಾಜ್ಞೆ ಹೊರಟಿತು. 1952ರ ಮಾರ್ಚ್‌ನಲ್ಲಿ ಅದು ಕಾನೂನಾಯಿತು. ಅದೇ ವರ್ಷ ನವೆಂಬರ್ 1ರಿಂದ ಯೋಜನೆ ಪೂರ್ತಿಯಾಗಿ ಜಾರಿಗೆ ಬಂತು. ಮೊದಲಿಗೆ ಆರೇ ಉದ್ಯಮಗಳು: ಸಿಮೆಂಟು, ಸಿಗರೇಟು, ಇಂಜಿನಿಯರಿಂಗ್ ಸಾಮಾನು, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗಳಿಗೆ ಮಾತ್ರ ಅನ್ವಯ. ಸಂಬಳದಲ್ಲಿ ನೂರಕ್ಕೆ ಆರೂಕಾಲು ರೂಪಾಯಿ ಕೆಲಸಗಾರನದು, ಅಷ್ಟೇ ಯಜಮಾನನದು. ಮೊದಲ ವರ್ಷದ ಬಡ್ಡಿ ಶೇಕಡಾ 3. ಮುಂದೆ ಐವತ್ತು ಎಂಬುದು ಇಪ್ಪತ್ತಾಯಿತು, ಆರೂಕಾಲು ಎಂಬುದು ಎಂಟು, ಹತ್ತು ಆಗುತ್ತ 1997ರಲ್ಲಿ ಹನ್ನೆರಡಕ್ಕೆ ಬಂದು ನಿಂತಿತು. ಯಜಮಾನನ ಹನ್ನೆರಡರಲ್ಲಿ 8.33 ಪಾಲು 1995ರ ನವೆಂಬರ್ 16ರಂದು ಆರಂಭವಾದ ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದ 3.67 ಮಾತ್ರ ಭವಿಷ್ಯನಿಧಿಗೆ.

ನಮ್ಮ ಕಡೆಯ ಅನೇಕ ಮನೆತನಗಳು ಊರು ಬಿಟ್ಟು ಸೋಲಾಪುರಕ್ಕೆ, ಮುಂಬಯಿಗೆ ಬಂದದ್ದು ಗಿರಣಿಗಳನ್ನು ನಂಬಿ. ಪುಣೆಗೆ ಬಂದದ್ದು ಪಿಂಪ್ರಿ, ಚಿಂಚವಾಡ, ಆಕುರ್ಡಿಯ ಕಾರ್ಖಾನೆಗಳನ್ನು ನಂಬಿ. ಇವರಿಗೆ ಪಿಎಫ್ ಎಂದರೆ ಏನೆಂದು ಹೇಳಲು ವಿಜಯಪುರ, ಕಲಬುರಗಿ ಕಡೆಯ ಒಂದು ಮಾತು ಸಾಕು: ಹಗೇವು. ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದರೆ ಅದನ್ನು ಸುಮ್ಮಸುಮ್ಮನೆ ತೆಗೆಯುವಂತಿಲ್ಲ. ಬರ ಬಂದಾಗ ತೆಗೆಯಲೇಬೇಕು. ಹಗೇವಿನ ಹಿರಿಮೆಯೆಲ್ಲ ಇರುವುದು ಯಾವಾಗ ತೆಗೆಯಬೇಕು, ಎಷ್ಟು ತೆಗೆಯಬೇಕು, ಬಿತ್ತನೆಗೆ ಎಷ್ಟು ಉಳಿಸಬೇಕು ಎಂಬ ಹಿರಿಯರ ವಿವೇಕದಲ್ಲಿ. ಭವಿಷ್ಯನಿಧಿಯ ಕಲಮುಗಳೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಹುಟ್ಟಿಕೊಂಡಿವೆ.

ಮುನ್ನೂರು ರೂಪಾಯಿಯ ಕಲಮು

ಕಾರ್ಖಾನೆ ಮುಚ್ಚಿದಾಗ ಏನು ಮಾಡಬೇಕೆಂಬುದಕ್ಕೆ ಯೋಜನೆಯಲ್ಲಿ 68-ಎಚ್ ಎಂಬ ಕಲಮು ಬಂತು. ಕಾರ್ಖಾನೆಗೆ ಹದಿನೈದು ದಿನಕ್ಕಿಂತ ಹೆಚ್ಚು ಬೀಗ ಬಿದ್ದು ಪರಿಹಾರವೂ ಸಿಗದಿದ್ದರೆ, ಇಲ್ಲವೇ ಎರಡು ತಿಂಗಳು ಸತತವಾಗಿ ಸಂಬಳ ಬಾರದಿದ್ದರೆ, ಕೆಲಸಗಾರ ತಾನು ಕಟ್ಟಿದ ಹಣವನ್ನೂ ಅದರ ಬಡ್ಡಿಯನ್ನೂ ಮೀರದಂತೆ, ಮರಳಿ ಕಟ್ಟಬೇಕಿಲ್ಲದ ಮುಂಗಡ ಪಡೆಯಬಹುದು. ಆದರೆ ಒಂದು ಷರತ್ತು: ಕಾರಣ ಮುಷ್ಕರವಾಗಿರಬಾರದು. ಬೀಗ ಹಾಕಿದ್ದು ಯಜಮಾನನಾದರೆ ಒಂದು ನ್ಯಾಯ, ಕೆಲಸ ಬಿಟ್ಟದ್ದು ಕಾರ್ಮಿಕನಾದರೆ ಇನ್ನೊಂದು. 1982ರ ಜನವರಿ 18ರಂದು ಆರಂಭವಾದ ಮುಂಬಯಿ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮನೆಗಳು ಹೇಗೆ ಬಳಲಿದವೆಂದು ಬಲ್ಲ ಹಿರಿಯರಿಗೆ ಈ ಒಂದು ಷರತ್ತಿನ ತೂಕ ಗೊತ್ತಾಗುತ್ತದೆ.

ಯಜಮಾನನೂ ಅಲ್ಲದೆ ಕಾರ್ಮಿಕನೂ ಅಲ್ಲದೆ ಸರ್ಕಾರವೇ ಕೆಲಸ ನಿಲ್ಲಿಸಿದರೆ? ಇದಕ್ಕೆ ಮೊದಲ ಉತ್ತರ 1973ರದು. ಅದರ ಹಿಂದಿನ ವರ್ಷದ ಬರವನ್ನು ಮಹಾರಾಷ್ಟ್ರದವರು ಇಂದಿಗೂ 'ಬಹತ್ತರಚಾ ದುಷ್ಕಾಳ' ಎಂದೇ ನೆನೆಯುತ್ತಾರೆ. ಗಡಿಯಾಚೆಯ ನಮ್ಮ ವಿಜಯಪುರ ಸೀಮೆಗೂ ಅದು ಬಿಡಲಿಲ್ಲ. ಆಗಿನ ಮೈಸೂರು ರಾಜ್ಯದ ವಿದ್ಯುತ್ತೆಲ್ಲ ನೀರಿನದು, ಶರಾವತಿಯೇ ಅದರ ಬೆನ್ನೆಲುಬು. ರಾಯಚೂರಿನ ಉಷ್ಣ ಸ್ಥಾವರ ಶುರುವಾದದ್ದು 1985ರಲ್ಲಿ. ಮಳೆ ಕೈಕೊಟ್ಟರೆ ಜಲಾಶಯ ಇಳಿಯುವುದು, ಜಲಾಶಯ ಇಳಿದರೆ ಕಾರ್ಖಾನೆಗೆ ಕರೆಂಟು ಕಡಿತವಾಗುವುದು, ಕರೆಂಟು ಹೋದರೆ ಕೆಲಸಗಾರನ ಸಂಬಳ ಕತ್ತರಿಸುವುದು, ಇದು ಆ ಕಾಲದ ಸರಪಳಿ.

ಆಗ ಬಂದದ್ದು 68-ಎಂ ಎಂಬ ಕಲಮು. ವಿದ್ಯುತ್ ಕಡಿತದಿಂದಾಗಿ 1973ರ ಜನವರಿಯಿಂದೀಚೆಗೆ ಯಾವುದಾದರೂ ಒಂದು ತಿಂಗಳ ಸಂಬಳ ಮುಕ್ಕಾಲಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದರೆ ಕೆಲಸಗಾರನಿಗೆ ಮುಂಗಡ. ಎಷ್ಟು? ಒಂದು ತಿಂಗಳ ಸಂಬಳ, ಮುನ್ನೂರು ರೂಪಾಯಿ, ಅವನ ಖಾತೆಯಲ್ಲಿರುವ ಅವನ ಪಾಲು, ಈ ಮೂರರಲ್ಲಿ ಯಾವುದು ಕಡಿಮೆಯೋ ಅದು. ಆ ಪ್ರದೇಶದಲ್ಲಿ ಕಡಿತ ಜಾರಿಯಲ್ಲಿತ್ತೆಂದು ರಾಜ್ಯ ಸರ್ಕಾರ ಪ್ರಮಾಣಪತ್ರ ಕೊಡಬೇಕು.

ಈ ಕಲಮನ್ನು ಈಗ ಯಾರೂ ನೆನೆಯುವುದಿಲ್ಲ. ಆದರೂ ಇತಿಹಾಸದ ದೃಷ್ಟಿಯಿಂದ ಅದು ಮುಖ್ಯವೆಂದು ನಮ್ಮ ಭಾವನೆ. ಸರ್ಕಾರದ ಆಜ್ಞೆಯಿಂದ ಕೆಲಸ ನಿಂತದ್ದಕ್ಕೆ ಸರ್ಕಾರವೇ ಪ್ರಮಾಣಪತ್ರ ಕೊಟ್ಟು, ಕಾರ್ಮಿಕನ ಹಣವನ್ನು ಕಾರ್ಮಿಕನಿಗೇ ಕೊಡುವ ಪದ್ಧತಿ ಅಲ್ಲಿ ಕಣ್ಣಿಗೆ ಬೀಳುತ್ತದೆ. ನಲವತ್ತೇಳು ವರ್ಷದ ಮೇಲೆ ಬಂದ ಏರ್ಪಾಡಿನ ಅಚ್ಚು ಅದೇ.

ಹೊಸೂರು ರಸ್ತೆಯ ಹೆಣ್ಣುಮಕ್ಕಳು

ಅಲ್ಲಿಗೆ ಬರುವ ಮುಂಚೆ 2016ರ ಏಪ್ರಿಲ್ ತಿಂಗಳಿಗೆ, ಬೆಂಗಳೂರಿಗೆ ಹೋಗಬೇಕು. ಆ ವರ್ಷ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಅದುವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕೆಲಸವಿಲ್ಲದಿದ್ದರೆ ಪಿಎಫ್ ಪೂರ್ತಿ ತೆಗೆಯಬಹುದಿತ್ತು. ಹೊಸ ಅಧಿಸೂಚನೆಯ ಪ್ರಕಾರ ಯಜಮಾನನ ಪಾಲು ಐವತ್ತೆಂಟು ವರ್ಷ ತುಂಬುವವರೆಗೆ ಕೈಗೆ ಸಿಗುವಂತಿಲ್ಲ. ಅದೇ ತಿಂಗಳ ಆಯವ್ಯಯದಲ್ಲಿ ಪಿಎಫ್ ಹಣದ ಒಂದು ಭಾಗಕ್ಕೆ ತೆರಿಗೆ ಹಾಕುವ ಸೂಚನೆಯೂ ಬಂದು, ಮಾರ್ಚ್ 8ರಂದು ಅರ್ಥಮಂತ್ರಿ ಅರುಣ್ ಜೇಟ್ಲಿ ಅದನ್ನು ಹಿಂತೆಗೆದುಕೊಂಡಿದ್ದರು. ಅಧಿಸೂಚನೆ ಮಾತ್ರ ಉಳಿಯಿತು.

ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರು ಲಕ್ಷಗಟ್ಟಲೆ; ಅವರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು. ಒಂದೇ ಕಾರ್ಖಾನೆಯಲ್ಲಿ ಐವತ್ತೆಂಟರವರೆಗೆ ಹೊಲಿಗೆ ಯಂತ್ರದ ಮುಂದೆ ಕೂರುವವರು ಎಷ್ಟು ಮಂದಿ? ಕೆಲಸ ಬಿಟ್ಟಾಗ ಬರುವ ಪಿಎಫ್ ಹಣವೇ ಮಗಳ ಫೀಸು, ಊರಿನ ಸಾಲ, ಹೆರಿಗೆಯ ಖರ್ಚು. ಸುದ್ದಿ ಬಾಯಿಂದ ಬಾಯಿಗೆ ಹರಡಿ ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗೆ ಹೆಣ್ಣುಮಕ್ಕಳು ಇಳಿದರು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ, ಮುಂದಾಳುಗಳೆಂದು ಹೇಳಿಕೊಳ್ಳುವವರೂ ಇರಲಿಲ್ಲ. ಮರುದಿನ ತುಮಕೂರು ರಸ್ತೆ, ಪೀಣ್ಯ, ಜಾಲಹಳ್ಳಿಯ ಕಡೆಗೂ ಅದು ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸು ಠಾಣೆಯ ಆವರಣದಲ್ಲಿ ವಾಹನಗಳು ಸುಟ್ಟವು, ಲಾಠಿ ಬೀಸಿತು. ಹಿಂಸೆಯನ್ನು ಯಾರೂ ಮೆಚ್ಚಲಾರರು. ಆದರೆ 19ರಂದೇ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆಯನ್ನು ರದ್ದುಮಾಡಿರುವುದಾಗಿ ಸಾರಬೇಕಾಯಿತು. ಬೆಂಗಳೂರಿನ ಎರಡು ದಿನ ಇಡೀ ದೇಶದ ನಿಯಮವನ್ನು ಹಿಂದಕ್ಕೆ ತಿರುಗಿಸಿತು.

ಸರ್ಕಾರದ ವಾದದಲ್ಲಿ ಹುರುಳಿರಲಿಲ್ಲವೆಂದಲ್ಲ. ಹಗೇವನ್ನು ಪ್ರತಿ ವರ್ಷ ತೆಗೆದರೆ ಮುಪ್ಪಿಗೆ ಏನುಳಿಯುತ್ತದೆ ಎಂಬ ಮಾತು ಸರಿಯೇ. ಆದರೆ ಹಗೇವಿನ ಯಜಮಾನಿಯನ್ನು ಕೇಳದೆ ಬಾಯಿಗೆ ಸಿಮೆಂಟು ಹಾಕಲು ಹೋದದ್ದು ತಪ್ಪು. 2020ರಲ್ಲಿ ಪಿಎಫ್ ಬಾಗಿಲು ಬೇಗ ತೆರೆಯಿತಲ್ಲ, ಅದಕ್ಕೆ ಈ ಹೆಣ್ಣುಮಕ್ಕಳ ನೆನಪೂ ಒಂದು ಕಾರಣವಿದ್ದೀತೆಂದು ನಮ್ಮ ಊಹೆ.

2020

ಮಹಾರಾಷ್ಟ್ರದ ಮೊದಲ ಕೊರೋನಾ ರೋಗಿಗಳು ಪತ್ತೆಯಾದದ್ದು ನಮ್ಮ ಪುಣೆಯಲ್ಲೇ, ಮಾರ್ಚ್ 9ರಂದು. ತಿಂಗಳ ನಡುವಿಗೆ ರಾಜ್ಯ ಸರ್ಕಾರ ಅದೇ 1897ರ ಪ್ಲೇಗಿನ ಕಾನೂನನ್ನು ಕಪಾಟಿನಿಂದ ಹೊರತೆಗೆಯಿತು. ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್. ಮರುದಿನವೇ ಅರ್ಥಮಂತ್ರಿ ನಿರ್ಮಲಾ ಸೀತಾರಾಮನ್ ಅವರು ಪಿಎಫ್ ಮುಂಗಡದ ಮಾತನ್ನು ಘೋಷಿಸಿದರು. 28ರಂದು ಅಧಿಸೂಚನೆ ಹೊರಟಿತು. 68-ಎಲ್ ಕಲಮಿಗೆ ಹೊಸ ಉಪಕಲಮು ಸೇರಿತು. ಸಾಂಕ್ರಾಮಿಕ ಪೀಡಿತವೆಂದು ಸರ್ಕಾರ ಸಾರಿದ ಪ್ರದೇಶದ ಕೆಲಸಗಾರ ಮೂರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಅಥವಾ ಖಾತೆಯ ಮುಕ್ಕಾಲು ಪಾಲು, ಇವೆರಡರಲ್ಲಿ ಕಡಿಮೆಯದನ್ನು ಪಡೆಯಬಹುದು, ಮರಳಿ ಕಟ್ಟಬೇಕಿಲ್ಲ.

ಹಳೆಯ 68-ಎಚ್ ಸಾಲದೇ ಎಂದು ಕೇಳಬಹುದು. ಸಾಲದು. ಹದಿನೈದು ದಿನ ಕಾಯಬೇಕು, ಎರಡು ತಿಂಗಳ ಸಂಬಳ ಬರಲಿಲ್ಲವೆಂದು ತೋರಿಸಬೇಕು. ಲಾಕ್‌ಡೌನಿನಲ್ಲಿ ಅನೇಕರಿಗೆ ಸಂಬಳ ಪೂರ್ತಿ ನಿಂತಿರಲಿಲ್ಲ, ಅರ್ಧವಾಗಿತ್ತು. ಕಾರ್ಖಾನೆಯ ಕಛೇರಿಯಲ್ಲಿ ಸಹಿ ಹಾಕುವವರೇ ಇರಲಿಲ್ಲ. ಮಾರ್ಚ್ 29ರಂದು ಗೃಹ ಸಚಿವಾಲಯ ಯಾವ ಕಡಿತವೂ ಇಲ್ಲದೆ ಸಂಬಳ ಕೊಡಬೇಕೆಂದು ಆಜ್ಞೆ ಮಾಡಿತ್ತು. ಮೇ 18ರಿಂದ ಆ ಆಜ್ಞೆ ಇಲ್ಲವಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟು ಯಜಮಾನರೂ ಕಾರ್ಮಿಕರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ ಎಂದಿತು. ಹೊಟ್ಟೆ ಅಷ್ಟು ದಿನ ಕಾಯುವುದೇ?

ನಮ್ಮ ಬಿಬವೇವಾಡಿಯ ಸುತ್ತಮುತ್ತ ಆ ದಿನಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಮಗ್ಗುಲಿನ ಮಾರ್ಕೆಟ್ ಯಾರ್ಡು ವಾರಗಟ್ಟಲೆ ಮುಚ್ಚಿತ್ತು. ಅಪ್ಪರ್ ಇಂದಿರಾನಗರದ ಕಡೆ ನಮ್ಮ ಉತ್ತರ ಕರ್ನಾಟಕದ ಮಂದಿಯೂ ಇದ್ದಾರೆ. ಹಮಾಲಿ, ಗೌಂಡಿ ಕೆಲಸ, ಕಾರ್ಖಾನೆಯ ಗುತ್ತಿಗೆ ಕೆಲಸ. ಊರಿಗಾದರೂ ಹೋಗೋಣವೆಂದರೆ ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಬಾಗಿಲು ಮುಚ್ಚಿತು. ಇಲ್ಲಿ ಕೆಲಸವಿಲ್ಲ, ಅಲ್ಲಿ ಪ್ರವೇಶವಿಲ್ಲ.

ನಾವು 'ಸೆಂಟ್ರಲ್ ಗವರ್ನಮೆಂಟಿನವರು' ಎಂಬ ಒಂದೇ ಕಾರಣಕ್ಕೆ ಪಿಎಫ್ ಅರ್ಜಿ ತುಂಬಿಸಿಕೊಳ್ಳಲು ಪರಿಚಿತರು ಬರುತ್ತಿದ್ದರು. ನಮ್ಮದು ಬೇರೆ ಇಲಾಖೆ, ಪಿಎಫ್ ನಮ್ಮ ಕೆಲಸವಲ್ಲ ಎಂದರೆ ಕೇಳುವವರಾರು? "ಸಾಹೇಬ್ರ, ನೀವು ಓದ್ದೋರು, ಇದೊಂದು ಒತ್ತಿಬಿಡ್ರಿ" ಎಂದು ಮೊಬೈಲು ಮುಂದೆ ಹಿಡಿಯುತ್ತಿದ್ದರು. ಒತ್ತುವುದೇನೋ ಸುಲಭ. ಎಡವಟ್ಟಾಗುತ್ತಿದ್ದುದು ಹೆಸರಿನಲ್ಲಿ. ಆಧಾರಿನಲ್ಲಿ ಶಿವಶರಣಪ್ಪ ಎಂದು ಒಂದೇ ಪದ. ಪಿಎಫ್ ಖಾತೆಯಲ್ಲಿ ಶಿವಶರಣ ಬೇರೆ, ಅಪ್ಪಾ ಬೇರೆ. ಇಲ್ಲಿನ ಪದ್ಧತಿಯಂತೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಬೇಕೆಂದು ಯಾರೋ ಗುಮಾಸ್ತರು ಅಪ್ಪನನ್ನೇ ತಂದೆ ಮಾಡಿಬಿಟ್ಟಿದ್ದರು! ಹೆಸರು ಕೂಡದಿದ್ದರೆ ಅರ್ಜಿ ವಾಪಸು. ತಿದ್ದಲು ಯಜಮಾನನ ಒಪ್ಪಿಗೆ ಬೇಕು. ಯಜಮಾನನ ಕಛೇರಿಗೆ ಬೀಗ. 2021ರಲ್ಲಿ ಎರಡನೆಯ ಅಲೆ ಬಂದ ಹೊತ್ತಿಗೆ ಇನ್ನೊಂದು ತೊಡಕು. ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಶಾಖೆಗಳ ಐಎಫ್‌ಎಸ್‌ಸಿ ಸಂಖ್ಯೆಗಳು ಬದಲಾದವು. ಕನ್ನಡಿಗರ ಉಳಿತಾಯವೆಲ್ಲ ಇದ್ದದ್ದು ಇಂಥ ಬ್ಯಾಂಕುಗಳಲ್ಲೇ ತಾನೇ!

ಕಾಗದಪತ್ರ ಸರಿಯಿದ್ದವರಿಗೆ ಮಾತ್ರ ಹಣ ಬೇಗ ಬಂತು. ಮೂರು ದಿನದೊಳಗೆ ಇತ್ಯರ್ಥವಾಗುವ ವ್ಯವಸ್ಥೆ ಮಾಡಿದ್ದರು. 2021ರ ಮೇ 31ರಂದು ಎರಡನೆಯ ಬಾರಿಯೂ ಮುಂಗಡ ಪಡೆಯಲು ಒಪ್ಪಿಗೆ ದೊರೆಯಿತು. ಆ ದಿನದವರೆಗೆ ಇತ್ಯರ್ಥವಾದ ಅರ್ಜಿಗಳು 76.31 ಲಕ್ಷ, ಕೊಟ್ಟ ಹಣ 18,698.15 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಒಂದು ಅರ್ಜಿಗೆ ಸುಮಾರು ಇಪ್ಪತ್ತನಾಲ್ಕೂವರೆ ಸಾವಿರ. ಬಾಡಿಗೆ, ಕಿರಾಣಿ, ಔಷಧಿ ಕಳೆದರೆ ಎಷ್ಟು ದಿನದ ಮಾತು ಎಂಬುದನ್ನು ಗೃಹಿಣಿಯರು ನಮಗಿಂತ ಚೆನ್ನಾಗಿ ಬಲ್ಲರು. 2024ರ ಜೂನ್ 12ರಂದು ಈ ಮುಂಗಡವನ್ನು ನಿಲ್ಲಿಸಲಾಯಿತು.

ಆ ದಿನಗಳಲ್ಲಿ ನಮ್ಮಂಥ ಸರ್ಕಾರಿ ನೌಕರರಿಗೆ ಸಂಬಳ ತಪ್ಪಲಿಲ್ಲ. 2020ರ ಜನವರಿ, ಜುಲೈ ಮತ್ತು 2021ರ ಜನವರಿಯ ಮೂರು ಕಂತಿನ ತುಟ್ಟಿಭತ್ಯೆ ತಡೆಹಿಡಿದಿದ್ದಕ್ಕೆ ಕಛೇರಿಯಲ್ಲಿ ಗೊಣಗಿದ್ದೂ ನಿಜ. ಎದುರಿನವನ ತಟ್ಟೆಯನ್ನು ನೋಡಿದ ಮೇಲೆ ಆ ಗೊಣಗಾಟ ತಾನಾಗಿ ಕಡಿಮೆಯಾಯಿತು.

ಕಡಲಾಚೆ

ನಮ್ಮ ಓದುಗರಲ್ಲಿ ಅನೇಕರ ಮಕ್ಕಳು ಅಮೆರಿಕೆಯಲ್ಲಿದ್ದಾರೆ. ಅಲ್ಲಿ ಸರ್ಕಾರವೇ ಬಾಗಿಲು ಹಾಕುವ ವಿಚಿತ್ರವೊಂದಿದೆ. ಸಂಸತ್ತು ಖರ್ಚಿಗೆ ಒಪ್ಪಿಗೆ ಕೊಡದಿದ್ದರೆ ಕಛೇರಿಗಳು ಮುಚ್ಚುತ್ತವೆ, ನೌಕರರ ಸಂಬಳ ನಿಲ್ಲುತ್ತದೆ. 2018ರ ಡಿಸೆಂಬರ್ 22ರಿಂದ ಮೂವತ್ತೈದು ದಿನ, 2025ರ ಅಕ್ಟೋಬರ್ 1ರಿಂದ ನಲವತ್ತಮೂರು ದಿನ ಹೀಗಾಯಿತು. ಮೊದಲ ಸಲ ತೊಂದರೆಗೆ ಸಿಕ್ಕಿದ ನೌಕರರು ಸುಮಾರು ಎಂಟು ಲಕ್ಷ. ನಿವೃತ್ತಿ ಉಳಿತಾಯದ ಖಾತೆಯಿಂದ ಸಾಲ ಪಡೆಯುವ, ಕಷ್ಟಕಾಲಕ್ಕೆಂದು ಹಣ ತೆಗೆಯುವ ದಾರಿ ಅವರಿಗಿದೆ. ಬಾಕಿ ಸಂಬಳ ಆಮೇಲೆ ಕೊಡಲೇಬೇಕೆಂದು 2019ರಲ್ಲಿ ಕಾನೂನೂ ಆಯಿತು. ನಮ್ಮಲ್ಲಿ ಸಂವಿಧಾನದ 116ನೆಯ ವಿಧಿಯ ಲೇಖಾನುದಾನವಿರುವುದರಿಂದ ಈ ಬಗೆಯ ಬೀಗಮುದ್ರೆಯ ಭಯವಿಲ್ಲ.

2020ರಲ್ಲಿ ಅಮೆರಿಕೆ ಮಾರ್ಚ್ 27ರಂದು, ಅಂದರೆ ನಮ್ಮ ಅಧಿಸೂಚನೆಗೆ ಒಂದು ದಿನ ಮೊದಲು, ನಿವೃತ್ತಿ ಖಾತೆಯಿಂದ ಲಕ್ಷ ಡಾಲರಿನವರೆಗೆ ದಂಡವಿಲ್ಲದೆ ತೆಗೆಯಲು ಬಿಟ್ಟಿತು. ಆಸ್ಟ್ರೇಲಿಯಾ ಎರಡು ಸಲ ಹತ್ತು ಹತ್ತು ಸಾವಿರ ಡಾಲರು ಬಿಟ್ಟಿತು. ಚಿಲಿ ದೇಶ 2020ರ ಜುಲೈ, ಡಿಸೆಂಬರ್, 2021ರ ಏಪ್ರಿಲ್ ಹೀಗೆ ಮೂರು ಸಲ ಶೇಕಡಾ ಹತ್ತರಷ್ಟು ತೆಗೆಯಲು ಒಪ್ಪಿ, ಲಕ್ಷಾಂತರ ಜನರ ಪಿಂಚಣಿ ಖಾತೆ ಬರಿದಾದದ್ದನ್ನು ಕಂಡಿತು. ಹಗೇವಿನ ತಳ ಕೆರೆದ ಮೇಲೆ ಮುಂದಿನ ಬರಕ್ಕೆ ಉಳಿಯುವುದು ಮಣ್ಣು ಮಾತ್ರ.

ಲೆಕ್ಕ ಮತ್ತು ವಿವೇಕ

ನಮ್ಮ ಲೆಕ್ಕವನ್ನೂ ಮಾಡಿನೋಡೋಣ. ತಿಂಗಳಿಗೆ 12,000 ರೂಪಾಯಿ ಮೂಲವೇತನದ ಕೆಲಸಗಾರ. ಅವನ ಪಾಲು 1,440, ಯಜಮಾನನಿಂದ ಭವಿಷ್ಯನಿಧಿಗೆ ಸುಮಾರು 440, ಒಟ್ಟು 1,880. ಒಂದೇ ವರ್ಷ ದುಡಿದವನ ಖಾತೆಯಲ್ಲಿ 22,560. ಅದರ ಮುಕ್ಕಾಲು ಎಂದರೆ 16,920. ಐದು ವರ್ಷ ದುಡಿದವನಿಗೆ ಮೂರು ತಿಂಗಳ ಮಿತಿ ತಾಗಿ 36,000. ಹೊಸಬನಿಗೆ, ಅಂದರೆ ಹೆಚ್ಚು ಅಸಹಾಯಕನಿಗೆ, ಸಿಕ್ಕಿದ್ದು ಕಡಿಮೆ. ಖಾತೆಯೇ ಇಲ್ಲದ ಗೌಂಡಿಗೆ, ಹೋಟೆಲಿನ ಹುಡುಗನಿಗೆ, ಮನೆಗೆಲಸದ ಹೆಂಗಸಿಗೆ ಈ ದಾರಿಯಿಂದ ಒಂದು ಕಾಸೂ ಇಲ್ಲ.

ಇನ್ನೊಂದು ಕಡೆಯ ಲೆಕ್ಕ. ಆ 36,000 ರೂಪಾಯಿ ಶೇಕಡಾ 8ರ ಚಕ್ರಬಡ್ಡಿಯಲ್ಲಿ ಇಪ್ಪತ್ತು ವರ್ಷ ಉಳಿದಿದ್ದರೆ 1,67,000ಕ್ಕೂ ಮಿಕ್ಕಿ ಆಗುತ್ತಿತ್ತು. ಅಂದರೆ 2020ರ ಬೇಸಿಗೆಯ ಮೂರು ತಿಂಗಳ ಊಟಕ್ಕೆ ಆ ಕುಟುಂಬ 2040ರ ಒಂದು ಲಕ್ಷ ಅರವತ್ತೇಳು ಸಾವಿರ ತೆತ್ತಿತು. ಹಾಗೆಂದು ತೆಗೆದವರು ತಪ್ಪು ಮಾಡಿದರೇ? ಇಲ್ಲ. ತೆಗೆಯದಿದ್ದರೆ ಲೇವಾದೇವಿಯವನ ಬಳಿ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಗೆ ಹೋಗಬೇಕಾಗುತ್ತಿತ್ತು. 1897ರ ಕಾನೂನು ನೌಕರನನ್ನು ಕಾಪಾಡಲು ಹೊರಟದ್ದು ಅಂಥವನ ಕೈಯಿಂದಲೇ ತಾನೇ?

ನಮ್ಮ ಆಕ್ಷೇಪ ಬೇರೆಯದು. ಕಾರ್ಮಿಕನ ಹಣವನ್ನು ಕಾರ್ಮಿಕನಿಗೆ ಕೊಟ್ಟದ್ದನ್ನು ಪರಿಹಾರದ ಪಟ್ಟಿಯಲ್ಲಿ ಸೇರಿಸಬಾರದು. ಊರನ್ನು ಮುಚ್ಚಿದ್ದು ಎಲ್ಲರ ಆರೋಗ್ಯಕ್ಕಾಗಿ. ಅದರ ಖರ್ಚನ್ನು ಹನ್ನೆರಡು ಸಾವಿರ ಸಂಬಳದವನ ಮುಪ್ಪಿನ ಖಾತೆಗೆ ಬರೆಯುವುದು ನ್ಯಾಯವಲ್ಲ. ಬೇರೆ ದಾರಿಗಳು ಇರಲಿಲ್ಲವೆಂದೂ ಅಲ್ಲ. ನೂರರೊಳಗೆ ನೌಕರರಿದ್ದು ಹೆಚ್ಚಿನವರ ಸಂಬಳ ಹದಿನೈದು ಸಾವಿರಕ್ಕಿಂತ ಕಡಿಮೆಯಿದ್ದ ಸಂಸ್ಥೆಗಳಲ್ಲಿ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇಬ್ಬರ ಪಾಲಿನ ಪಿಎಫ್ ಕಂತನ್ನೂ ಸರ್ಕಾರವೇ ಕಟ್ಟಿತು. ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಯಿಂದ ಮಹಾರಾಷ್ಟ್ರದಲ್ಲಿ ಎರಡು ಸಾವಿರ, ಕರ್ನಾಟಕದಲ್ಲಿ ಎರಡು ಕಂತಿನಲ್ಲಿ ಐದು ಸಾವಿರ ರೂಪಾಯಿ ನೋಂದಾಯಿತರಿಗೆ ದೊರೆಯಿತು. ನಮ್ಮ ಬಿಬವೇವಾಡಿಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಅದನ್ನು ಎಲ್ಲರೂ ಬಲ್ಲರು. ಆದರೆ ಅದೇ ಇಎಸ್‌ಐ ವಿಮೆಯಲ್ಲಿ ಕೆಲಸ ಕಳೆದುಕೊಂಡವರಿಗೆ ತೊಂಬತ್ತು ದಿನದವರೆಗೆ ಭತ್ಯೆ ಕೊಡುವ ಅಟಲ್ ಯೋಜನೆ 2018ರಿಂದ ಇದ್ದದ್ದು, 2020ರಲ್ಲಿ ಆ ಭತ್ಯೆಯನ್ನು ಸಂಬಳದ ಕಾಲು ಭಾಗದಿಂದ ಅರ್ಧಕ್ಕೆ ಏರಿಸಿದ್ದು ಎಷ್ಟು ಜನರಿಗೆ ಗೊತ್ತಿತ್ತು? ನಮ್ಮ ಬಳಿ ಬಂದವರಲ್ಲಿ ಹೆಚ್ಚಿನವರು ಅದರ ಹೆಸರನ್ನೇ ಕೇಳಿರಲಿಲ್ಲ. ಆ ಹಣವಾದರೋ ವಿಮೆಯದು, ಮುಪ್ಪಿನ ಗಂಟಿನಿಂದ ಬಂದದ್ದಲ್ಲ.

2025ರ ಅಕ್ಟೋಬರ್ 13ರಂದು ಭವಿಷ್ಯನಿಧಿಯ ಕೇಂದ್ರ ಮಂಡಳಿ ಹಳೆಯ ಹದಿಮೂರು ಬಗೆಯ ಮುಂಗಡಗಳನ್ನು ಅಗತ್ಯ ಖರ್ಚು, ಮನೆ, ವಿಶೇಷ ಸಂದರ್ಭ ಎಂಬ ಮೂರು ಗುಂಪಿಗೆ ಇಳಿಸಲು ನಿರ್ಣಯಿಸಿತು. ವಿಶೇಷ ಸಂದರ್ಭಕ್ಕೆ ಕಾರಣ ಹೇಳಬೇಕಿಲ್ಲ. ಆದರೆ ಕಟ್ಟಿದ ಹಣದ ಕಾಲು ಭಾಗ ಖಾತೆಯಲ್ಲಿ ಉಳಿಯಲೇಬೇಕು. ಬೀಗಮುದ್ರೆ, ಸಾಂಕ್ರಾಮಿಕ, ನಿರುದ್ಯೋಗ ಎಂದು ಪುರಾವೆ ತೋರಿಸುತ್ತ ಬಂದ ಇತಿಹಾಸಕ್ಕೆ ಇದೊಂದು ತಿರುವು. ಕಾಲು ಭಾಗವನ್ನು ಬಿತ್ತನೆ ಬೀಜದಂತೆ ಉಳಿಸುವುದು ನಮ್ಮ ಹಿರಿಯರ ಹಗೇವಿನ ವಿವೇಕಕ್ಕೆ ಹತ್ತಿರದ್ದೇ. ಕೆಲಸ ಹೋದವನು ಪೂರ್ತಿ ಲೆಕ್ಕ ಮುಗಿಸಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕೆಂಬ ಇನ್ನೊಂದು ನಿರ್ಣಯವನ್ನು ಮಾತ್ರ ಹೊಸೂರು ರಸ್ತೆಯ ನೆನಪಿರುವವರು ಎಚ್ಚರದಿಂದ ಗಮನಿಸುತ್ತಾರೆ.

ಕೊನೆಯಲ್ಲಿ ಸದಸ್ಯ ಬಾಂಧವರಲ್ಲಿ ಮೂರು ಮಾತು. ಒಂದು, ಮನೆಯಲ್ಲಿ ಯಾರಿಗೆ ಪಿಎಫ್ ಖಾತೆಯಿದೆಯೋ ಅವರ ಹೆಸರು ಆಧಾರಿನಲ್ಲೂ ಖಾತೆಯಲ್ಲೂ ಬ್ಯಾಂಕಿನಲ್ಲೂ ಒಂದೇ ರೀತಿ ಇದೆಯೇ, ನಾಮನಿರ್ದೇಶನ ಆಗಿದೆಯೇ ಎಂದು ಕೆಲಸ ಇರುವಾಗಲೇ ನೋಡಿಕೊಳ್ಳಿ. ಎರಡು, ಮುಂಗಡ ಬೇರೆ, ಪೂರ್ತಿ ಲೆಕ್ಕ ಮುಗಿಸುವುದು ಬೇರೆ. ಮುಂಗಡದಿಂದ ಪಿಂಚಣಿಯ ಸೇವಾವಧಿಗೆ ಧಕ್ಕೆಯಿಲ್ಲ. ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಹತ್ತು ವರ್ಷದ ಎಣಿಕೆ ಮತ್ತೆ ಒಂದರಿಂದ ಶುರು. ಮೂರು, ಕೆಲಸ ಹೋದಾಗ ಮೊದಲು ಇಎಸ್‌ಐ ಕಡೆ ಕೇಳಿ, ಆಮೇಲೆ ಪಿಎಫ್‌ಗೆ ಕೈಹಾಕಿ. ಈ ವಿಷಯದಲ್ಲಿ ಅರ್ಜಿ ತುಂಬಲು ತೊಡಕಾದವರು ಸಂಕೋಚವಿಲ್ಲದೆ ಬರಬಹುದು. ಭಾನುವಾರ ಬೆಳಿಗ್ಗೆ ನಾವು ಮನೆಯಲ್ಲೇ ಇರುತ್ತೇವೆ. ಬರುವಾಗ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಮರೆಯದೆ ತನ್ನಿ.